ಮಕ್ಕಳ ತುರ್ತು ಚಿಕಿತ್ಸೆ: ರೂಢಿಯೊಂದೇ ಸಾಕೇ?

ಜ್ವರದಿಂದ ಬಳಲಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ರಾತ್ರಿ ಹೊತ್ತು ಕ್ಲಿನಿಕ್‌ನ ಬಾಗಿಲು ತಟ್ಟುವ ಹೆತ್ತವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಬೇಡಿಕೆ ಸಿದ್ಧವಾಗಿರುತ್ತದೆ: ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ. ಹಾಕಿದರೆ ಚಿಕಿತ್ಸೆ ಸಿಕ್ಕಿತೆಂಬ ಸಮಾಧಾನ. ಹಾಕದಿದ್ದರೆ ವೈದ್ಯರ ಯೋಗ್ಯತೆಯ ಬಗ್ಗೆಯೇ ಸಂಶಯ. ನಮ್ಮ ಪಟ್ಟಣಗಳ ಮೊಹಲ್ಲಾಗಳಲ್ಲಿ ಈ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಮಗುವಿಗೆ ಏನಾಗಿದೆ ಎಂಬ ಪ್ರಶ್ನೆಗಿಂತ ಮೊದಲು ಬಾಟಲಿಯ ಪ್ರಶ್ನೆ ಬರುತ್ತದೆ. ರೋಗಿ ಬೇರೆ ಕಡೆಗೆ ಹೋದಾನೆಂಬ ಅಂಜಿಕೆಯಿಂದ ಬೇಡಿಕೆಗೆ ಮಣಿಯುವ ವೈದ್ಯರೂ ಇದ್ದಾರೆ. ಆದರೆ ಇಂತಹ ನಂಬಿಕೆಗಳನ್ನು ಯಾರು ಪರೀಕ್ಷಿಸಿದ್ದಾರೆ? ಯಾವ ಮಗುವಿಗೆ ಯಾವ ಚಿಕಿತ್ಸೆ ಜೀವದಾನವಾಗುತ್ತದೆ, ಯಾವ ಮಗುವಿಗೆ ಅದೇ ಚಿಕಿತ್ಸೆ ಮುಳುವಾಗುತ್ತದೆ ಎಂಬುದರ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಮಕ್ಕಳ ತುರ್ತು ಚಿಕಿತ್ಸೆಯ ಸಂಶೋಧನೆ ಎಂದ ಕೂಡಲೇ ಅದು ಶ್ರೀಮಂತ ರಾಷ್ಟ್ರಗಳ ವಿಷಯ, ದೊಡ್ಡ ಡಾಕ್ಟರುಗಳ ವಿಷಯ ಎಂದು ನಾವು ಪಕ್ಕಕ್ಕೆ ಸರಿಸುತ್ತೇವೆ. ಇಲ್ಲವಾದರೆ 'ನಮ್ಮ ಮಕ್ಕಳ ಮೇಲೆ ಪ್ರಯೋಗ' ಎಂಬ ಮಾತು ಕೇಳಿಯೇ ಬೆಚ್ಚಿಬೀಳುತ್ತೇವೆ. ಮೊದಲನೆಯದು ಅಜ್ಞಾನ. ಎರಡನೆಯದಕ್ಕೆ ಕಾರಣವಿದೆ, ಆ ಕಾರಣವನ್ನೂ ನಾವು ಇಲ್ಲಿ ಮರೆಮಾಚುವುದಿಲ್ಲ. ಆದರೆ ಎರಡೂ ಸೇರಿ ಪರಿಣಾಮದಲ್ಲಿ ಒಂದೇ ಆಗುತ್ತವೆ. ನಮ್ಮ ಮಕ್ಕಳು ರೂಢಿಯ ಕೈಗೆ ಸಿಕ್ಕಿಬೀಳುತ್ತಾರೆ.

ವೈದ್ಯಲೋಕದ ನಂಬಿಕೆ ಅಲುಗಾಡಿದಾಗ

ರೂಢಿಯ ಮೇಲಿನ ಕುರುಡು ನಂಬಿಕೆ ಸಾಮಾನ್ಯ ಜನರಲ್ಲಿ ಮಾತ್ರ ಇದೆಯೆಂದು ಭಾವಿಸಬೇಕಾಗಿಲ್ಲ. ತೀವ್ರ ಸೋಂಕಿನಿಂದ ರಕ್ತ ಸಂಚಾರ ಕುಸಿದು, ಕೈಕಾಲು ತಣ್ಣಗಾಗಿ, ಪ್ರಜ್ಞೆ ಮಸುಕಾದ ಮಗುವಿನ ರಕ್ತನಾಳಕ್ಕೆ ಸಲೈನ್ ಅಥವಾ ಅಲ್ಬುಮಿನ್ ದ್ರವವನ್ನು ಬಹಳ ವೇಗವಾಗಿ ಏರಿಸಬೇಕೆಂಬುದು ಹಲವು ದಶಕಗಳ ಕಾಲ ವೈದ್ಯಕೀಯ ಪಠ್ಯಗಳ ಪಾಠವಾಗಿತ್ತು. ಅದನ್ನು ಪ್ರಶ್ನಿಸುವುದೇ ಅಪರಾಧವೆಂಬಂತಿತ್ತು. 2009ರಲ್ಲಿ ಕೀನ್ಯಾ, ಉಗಾಂಡಾ ಮತ್ತು ತಾಂಜಾನಿಯಾದ ಆರು ಆಸ್ಪತ್ರೆಗಳಲ್ಲಿ ಕ್ಯಾಥರಿನ್ ಮೇಟ್‌ಲ್ಯಾಂಡ್ ಅವರ ನೇತೃತ್ವದ ತಂಡವು ಈ ಪಾಠವನ್ನೇ ಪರೀಕ್ಷೆಗೊಡ್ಡಿತು. 'ಫೀಸ್ಟ್' ಎಂಬುದು ಆ ಅಧ್ಯಯನದ ಹೆಸರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಧನಸಹಾಯದಿಂದ ಅದು ನಡೆಯಿತು. ಆ ಆಸ್ಪತ್ರೆಗಳಲ್ಲಿ ತೀವ್ರ ನಿಗಾ ಘಟಕದ ಸೌಕರ್ಯವಿರಲಿಲ್ಲ. ನಮ್ಮ ಎಷ್ಟೋ ತಾಲೂಕು ಆಸ್ಪತ್ರೆಗಳ ಸ್ಥಿತಿಯೂ ಅದೇ ಅಲ್ಲವೇ?

ತೀವ್ರ ಜ್ವರದೊಂದಿಗೆ ರಕ್ತ ಸಂಚಾರ ಕುಗ್ಗಿದ 3,141 ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಎರಡು ಗುಂಪುಗಳಿಗೆ ದ್ರವವನ್ನು ವೇಗವಾಗಿ ಏರಿಸಲಾಯಿತು. ಒಂದಕ್ಕೆ ಅಲ್ಬುಮಿನ್, ಇನ್ನೊಂದಕ್ಕೆ ಸಲೈನ್. ಮೂರನೆಯ ಗುಂಪಿಗೆ ವೇಗದ ದ್ರವ ಕೊಡದೆ ಉಳಿದೆಲ್ಲ ಚಿಕಿತ್ಸೆಯನ್ನು ಯಥಾವತ್ತಾಗಿ ನೀಡಲಾಯಿತು. 48 ಗಂಟೆಗಳೊಳಗೆ ಅಲ್ಬುಮಿನ್ ಪಡೆದವರಲ್ಲಿ ಶೇಕಡಾ 10.6, ಸಲೈನ್ ಪಡೆದವರಲ್ಲಿ ಶೇಕಡಾ 10.5 ಮಕ್ಕಳು ಮೃತಪಟ್ಟರು. ವೇಗದ ದ್ರವ ಪಡೆಯದವರಲ್ಲಿ ಸಾವಿನ ಪ್ರಮಾಣ ಶೇಕಡಾ 7.3 ಮಾತ್ರ. ಅಂದರೆ, ಜೀವ ಉಳಿಸುತ್ತದೆಂದು ನಂಬಿದ್ದ ಚಿಕಿತ್ಸೆಯು ಪ್ರತಿ 30 ಮಕ್ಕಳಿಗೆ ಸುಮಾರು ಒಂದರಂತೆ ಹೆಚ್ಚುವರಿ ಜೀವ ಬಲಿ ತೆಗೆದುಕೊಳ್ಳುತ್ತಿತ್ತು. ಈ ಅಂತರ ಸ್ಪಷ್ಟವಾದೊಡನೆ, 2011ರ ಜನವರಿಯಲ್ಲಿ, ಸ್ವತಂತ್ರ ಮೇಲ್ವಿಚಾರಣಾ ಸಮಿತಿಯ ಸಲಹೆಯಂತೆ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಫಲಿತಾಂಶವು ಜಗತ್ತಿನ ಮುಂದೆ ಬಂತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಫಲಿತಾಂಶದಿಂದ ಡ್ರಿಪ್ ಎಂಬುದೇ ವಿಷ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡ ಮಕ್ಕಳನ್ನು ಈ ಅಧ್ಯಯನದಲ್ಲಿ ಸೇರಿಸಿರಲಿಲ್ಲ. ಸುಟ್ಟಗಾಯಗಳಾದ ಮಕ್ಕಳನ್ನೂ ತೀವ್ರ ಅಪೌಷ್ಟಿಕತೆಯ ಮಕ್ಕಳನ್ನೂ ಸೇರಿಸಿರಲಿಲ್ಲ. ತೀರಾ ಒಣಗಿಹೋದ ಮಗುವಿಗೆ ರಕ್ತನಾಳದ ಮೂಲಕ ದ್ರವ ನೀಡುವುದು ಇಂದಿಗೂ ಜೀವ ಉಳಿಸುವ ಚಿಕಿತ್ಸೆಯೇ ಆಗಿದೆ. ನಾವು ಹೇಳಹೊರಟಿರುವುದು ಬೇರೆ. ಒಂದೇ ಬಾಟಲಿ ಒಂದು ಮಗುವಿಗೆ ಔಷಧ, ಇನ್ನೊಂದಕ್ಕೆ ಅಪಾಯ. ಯಾರಿಗೆ ಯಾವುದು ಎಂಬುದನ್ನು ಅನುಭವವೊಂದೇ ಹೇಳಲಾರದು. ಅನುಭವಿ ವೈದ್ಯರ ಕಣ್ಣಿಗೆ ಬದುಕಿದ ಮಕ್ಕಳು ಕಾಣುತ್ತಾರೆ. ಆ ಚಿಕಿತ್ಸೆ ಕೊಡದಿದ್ದರೂ ಅವರು ಬದುಕುತ್ತಿದ್ದರೇ ಎಂಬುದು ಕಾಣುವುದಿಲ್ಲ. ಅದನ್ನು ಕಾಣಿಸಲು ಹೋಲಿಕೆಯ ಗುಂಪು ಬೇಕು, ಪ್ರಾಮಾಣಿಕ ಲೆಕ್ಕ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳ ತುರ್ತು ಚಿಕಿತ್ಸೆಯ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿದ್ದು 2016ರಲ್ಲಿ. ಪುರಾವೆ ಬಂದು ಐದು ವರ್ಷಗಳಾಗಿದ್ದವು. ರೂಢಿ ಎಷ್ಟು ಬಲಶಾಲಿ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಅರ್‌ರಾಝಿಯ ಪರಂಪರೆ

ಹೋಲಿಸಿ ನೋಡುವ ಈ ಪದ್ಧತಿ ಪಶ್ಚಿಮದಿಂದ ಬಂದ ಆಮದು ಸರಕು ಎಂದು ಭಾವಿಸುವವರು ನಮ್ಮಲ್ಲಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಇರಾನಿನ ರಯ್ ಪಟ್ಟಣದಲ್ಲಿ ಜನಿಸಿದ ಅಬೂಬಕರ್ ಅರ್‌ರಾಝಿಯ ಹೆಸರನ್ನು ನಮ್ಮ ವೇದಿಕೆಗಳಲ್ಲಿ ಅಭಿಮಾನದಿಂದ ಹೇಳಲಾಗುತ್ತದೆ. ಸಿಡುಬು ಮತ್ತು ದಡಾರಗಳನ್ನು ಬೇರ್ಪಡಿಸಿ ವಿವರಿಸಿದ ಕೀರ್ತಿ ಅವರದು. ಅವರ 'ಅಲ್ ಹಾವಿ' ಎಂಬ ಬೃಹತ್ ಗ್ರಂಥದಲ್ಲಿ ಒಂದು ಟಿಪ್ಪಣಿಯಿದೆ. ಮಿದುಳಿನ ಪೊರೆಯ ಉರಿಯೂತದ ಲಕ್ಷಣಗಳಿದ್ದ ರೋಗಿಗಳ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿ, ಇನ್ನೊಂದು ಗುಂಪಿಗೆ ಬೇಕೆಂದೇ ಮಾಡದೆ, ಎರಡನ್ನೂ ಹೋಲಿಸಿ ತೀರ್ಮಾನಕ್ಕೆ ಬರಲು ಯತ್ನಿಸಿದ್ದನ್ನು ಅವರು ದಾಖಲಿಸಿದ್ದಾರೆ. ಅವರ ತೀರ್ಮಾನವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಗುರುಗಳ ಮಾತನ್ನು ಕುರುಡಾಗಿ ಒಪ್ಪದೆ ಪರೀಕ್ಷಿಸಿ ನೋಡಬೇಕೆಂಬ ಮನೋಧರ್ಮ ಅಲ್ಲಿದೆ. ನಾವು ಅರ್‌ರಾಝಿಯ ಹೆಸರನ್ನು ಉಳಿಸಿಕೊಂಡೆವು. ಅವರ ಮನೋಧರ್ಮವನ್ನು ಕಳೆದುಕೊಂಡೆವು.

ಇಸ್ಲಾಮಿನಲ್ಲಿ ವೈದ್ಯವೃತ್ತಿಯ ಹೊಣೆಗಾರಿಕೆ ಸ್ಪಷ್ಟವಿದೆ. ವೈದ್ಯಜ್ಞಾನವಿಲ್ಲದೆ ಚಿಕಿತ್ಸೆಗೆ ಕೈಹಾಕಿದವನು ಅದರಿಂದಾದ ಹಾನಿಗೆ ಹೊಣೆಗಾರನೆಂಬ ಆಶಯದ ಪ್ರವಾದಿ ವಚನವನ್ನು ಫಿಕ್‌ಹ್ ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಹಾಗಾದರೆ ಪರೀಕ್ಷಿಸಲ್ಪಡದ ಚಿಕಿತ್ಸೆಯನ್ನು ರೂಢಿಯ ಬಲದಿಂದ ಸಾವಿರಾರು ಮಕ್ಕಳಿಗೆ ನೀಡುತ್ತಾ ಬರುವುದು ಏನು? ಅದೂ ಒಂದು ಪ್ರಯೋಗವೇ. ವ್ಯತ್ಯಾಸವಿಷ್ಟೆ: ಆ ಪ್ರಯೋಗಕ್ಕೆ ಹೆತ್ತವರ ಒಪ್ಪಿಗೆಯಿಲ್ಲ, ದಾಖಲೆಯಿಲ್ಲ, ಮೇಲ್ವಿಚಾರಣೆಯಿಲ್ಲ, ತಪ್ಪಾದರೆ ನಿಲ್ಲಿಸುವವರೂ ಇಲ್ಲ.

ಕಾನೋದ ಗಾಯ

ಈಗ ನಮ್ಮ ಸಮುದಾಯದ ಭೀತಿಯ ವಿಷಯಕ್ಕೆ ಬರೋಣ. 1996ರಲ್ಲಿ ಉತ್ತರ ನೈಜೀರಿಯಾದ ಮುಸ್ಲಿಮ್ ಬಹುಸಂಖ್ಯಾತ ನಗರವಾದ ಕಾನೋದಲ್ಲಿ ಮಿದುಳುಪೊರೆಯ ಸೋಂಕು ಸಾಂಕ್ರಾಮಿಕವಾಗಿ ಹಬ್ಬಿತ್ತು. ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯು ಸಾಯುತ್ತಿರುವ ಮಕ್ಕಳಿಂದ ತುಂಬಿತ್ತು. ಅದೇ ಆವರಣದಲ್ಲಿ 'ಗಡಿರಹಿತ ವೈದ್ಯರು' ಸಂಸ್ಥೆ ಅಂಗೀಕೃತ ಔಷಧದಿಂದ ಚಿಕಿತ್ಸೆ ನೀಡುತ್ತಿತ್ತು. ಆ ಹೊತ್ತಿಗೆ ಅಲ್ಲಿಗೆ ಬಂದ ಅಮೆರಿಕದ ಔಷಧ ಕಂಪೆನಿ ಫೈಝರ್, ಇನ್ನೂ ಪರವಾನಗಿ ಸಿಗದಿದ್ದ ತನ್ನ 'ಟ್ರೋವಾನ್' ಎಂಬ ಔಷಧವನ್ನು ಸುಮಾರು 100 ಮಕ್ಕಳಿಗೆ ನೀಡಿ, ಇನ್ನು 100 ಮಕ್ಕಳಿಗೆ ಹಳೆಯ ಔಷಧವೊಂದನ್ನು ನೀಡಿ ಹೋಲಿಸಿತು. ಮೊದಲ ಗುಂಪಿನಲ್ಲಿ ಐವರು, ಎರಡನೆಯ ಗುಂಪಿನಲ್ಲಿ ಆರು ಮಕ್ಕಳು ಮೃತಪಟ್ಟರು. ಕೆಲವು ಮಕ್ಕಳು ಅಂಗವೈಕಲ್ಯಕ್ಕೆ ತುತ್ತಾದರೆಂದು ಕುಟುಂಬಗಳು ಹೇಳಿದವು.

2000ನೇ ಇಸವಿಯ ಡಿಸೆಂಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ತನಿಖಾ ವರದಿ ಪ್ರಕಟವಾದಾಗ ಜಗತ್ತಿಗೆ ಈ ವಿಷಯ ತಿಳಿಯಿತು. ಇದು ಪ್ರಯೋಗವೆಂಬುದೇ ತಮಗೆ ಗೊತ್ತಿರಲಿಲ್ಲ, ಪಕ್ಕದಲ್ಲೇ ಬೇರೆ ಚಿಕಿತ್ಸೆ ಲಭ್ಯವಿದೆಯೆಂದೂ ಯಾರೂ ಹೇಳಲಿಲ್ಲ ಎಂಬುದು ಹೆತ್ತವರ ದೂರಾಗಿತ್ತು. ಸಾವುಗಳಿಗೆ ರೋಗವೇ ಕಾರಣ, ಬಾಯಿಮಾತಿನ ಒಪ್ಪಿಗೆ ಪಡೆಯಲಾಗಿತ್ತು ಎಂದು ಕಂಪೆನಿ ವಾದಿಸಿತು. ದೀರ್ಘ ಕಾನೂನು ಹೋರಾಟದ ಬಳಿಕ 2009ರಲ್ಲಿ, ತಪ್ಪೊಪ್ಪಿಕೊಳ್ಳದೆಯೇ, ಕಾನೋ ರಾಜ್ಯದೊಂದಿಗೆ 7.5 ಕೋಟಿ ಡಾಲರುಗಳ ರಾಜಿ ಮಾಡಿಕೊಂಡಿತು. ಮರಣಶಯ್ಯೆಯಲ್ಲಿರುವ ಮಗುವಿನ ಮುಂದೆ ಕುಳಿತ ಬಡ ತಂದೆಯ ಅಸಹಾಯಕತೆಯನ್ನು ಒಪ್ಪಿಗೆಯೆಂದು ಲೆಕ್ಕ ಹಾಕುವುದು ನ್ಯಾಯವೇ? ಈ ಪ್ರಶ್ನೆಯನ್ನು ಕೇಳುವ ಹಕ್ಕು ಕಾನೋದ ಜನರಿಗೆ ಮಾತ್ರವಲ್ಲ, ಜಗತ್ತಿನ ಎಲ್ಲ ಹೆತ್ತವರಿಗೂ ಇದೆ.

ಆದರೆ ಆ ಬಳಿಕ ನಡೆದುದನ್ನೂ ನಾವು ಓದಬೇಕಾಗಿದೆ. 2003ರಲ್ಲಿ ಕಾನೋ ಸಹಿತ ಉತ್ತರ ನೈಜೀರಿಯಾದ ಕೆಲವು ರಾಜ್ಯಗಳು ಪೋಲಿಯೋ ಲಸಿಕೆಯನ್ನೇ ಬಹಿಷ್ಕರಿಸಿದವು. ಆ ಬಹಿಷ್ಕಾರದ ಹಿಂದೆ ಹಲವು ರಾಜಕೀಯ ಕಾರಣಗಳಿದ್ದವು. ಟ್ರೋವಾನ್‌ನ ಕಹಿ ನೆನಪೂ ಅವುಗಳಲ್ಲಿ ಒಂದಾಗಿತ್ತು. ಕಾನೋದಲ್ಲಿ ಸುಮಾರು ಹನ್ನೊಂದು ತಿಂಗಳು ಲಸಿಕೆ ನಿಂತಿತು. ರೋಗಾಣು ಅಲ್ಲಿಂದ ಹೊರಟು, ಪೋಲಿಯೋ ಮುಕ್ತವಾಗಿದ್ದ ಹಲವು ದೇಶಗಳನ್ನು ಪುನಃ ತಲುಪಿತು. ಕೊನೆಗೆ ಮುಸ್ಲಿಮ್ ರಾಷ್ಟ್ರವಾದ ಇಂಡೋನೇಷ್ಯಾದಿಂದ ಲಸಿಕೆ ತರಿಸಿ ಕಾರ್ಯಕ್ರಮವನ್ನು ಮತ್ತೆ ಆರಂಭಿಸಲಾಯಿತು. ಕಂಪೆನಿಯೊಂದರ ಮೇಲಿನ ಸಿಟ್ಟಿನ ಬೆಲೆಯನ್ನು ತೆತ್ತವರು ಯಾರು? ಕಂಪೆನಿಯ ಅಧಿಕಾರಿಗಳ ಮಕ್ಕಳಲ್ಲ, ಕಾನೋದ ಮಕ್ಕಳೇ.

ನಮ್ಮ ದೇಶದ ಅನುಭವ ಇದಕ್ಕಿಂತ ಆಶಾದಾಯಕ. ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಮ್ ಮೊಹಲ್ಲಾಗಳಲ್ಲಿಯೂ ಪೋಲಿಯೋ ಹನಿಯ ಬಗ್ಗೆ ಇದೇ ಸಂಶಯವಿತ್ತು. ಉಲಮಾಗಳು, ಮಸೀದಿಯ ಇಮಾಮರು, ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯ ಹಾಗೂ ಜಾಮಿಯಾ ಮಿಲ್ಲಿಯಾದವರು ಮುಂದೆ ಬಂದು ಮಾತನಾಡಿದ ಬಳಿಕ ಬಾಗಿಲುಗಳು ತೆರೆದವು. 2011ರ ಜನವರಿಯ ಬಳಿಕ ಭಾರತದಲ್ಲಿ ವನ್ಯ ಪೋಲಿಯೋದ ಹೊಸ ಪ್ರಕರಣ ವರದಿಯಾಗಿಲ್ಲ. ವಿಶ್ವಾಸವನ್ನು ಗಳಿಸುವ ದಾರಿಯಿದೆ ಎಂಬುದಕ್ಕೆ ಇದು ಸಾಕ್ಷಿ.

ಒಪ್ಪಿಗೆ ಎಂಬ ಅಮಾನತ್

ತುರ್ತು ಚಿಕಿತ್ಸೆಯ ಸಂಶೋಧನೆಯಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಫಿಟ್ಸ್ ಬಂದು ಒದ್ದಾಡುತ್ತಿರುವ ಮಗುವಿನ ತಾಯಿಯ ಕೈಗೆ ನಾಲ್ಕು ಪುಟಗಳ ಒಪ್ಪಿಗೆ ಪತ್ರವಿತ್ತು ಓದಿ ಸಹಿ ಹಾಕಿ ಎನ್ನಲಾಗದು. ಓದಿ ಮುಗಿಸುವ ತನಕ ಮಗು ಉಳಿಯದು. ಒಪ್ಪಿಗೆ ಇಲ್ಲದೆ ಸಂಶೋಧನೆ ಬೇಡವೆಂದರೆ ತುರ್ತು ಚಿಕಿತ್ಸೆ ಎಂದೆಂದೂ ಸುಧಾರಿಸದು. ಫೀಸ್ಟ್ ಅಧ್ಯಯನದಲ್ಲಿ ಇದಕ್ಕೊಂದು ದಾರಿ ಹುಡುಕಲಾಯಿತು. ಸ್ಥಳೀಯ ನೈತಿಕ ಸಮಿತಿಗಳ ಅನುಮತಿಯೊಂದಿಗೆ, ತುರ್ತು ಸ್ಥಿತಿಯಲ್ಲಿ ಮೊದಲು ಹೆತ್ತವರಿಗೆ ಬಾಯಿಮಾತಿನಲ್ಲಿ ಸಂಕ್ಷಿಪ್ತವಾಗಿ ತಿಳಿಸಿ ಸಮ್ಮತಿ ಪಡೆದು, ಮಗುವಿನ ಸ್ಥಿತಿ ಸುಧಾರಿಸಿದ ನಂತರ ಪೂರ್ಣ ವಿವರಣೆ ನೀಡಿ ಲಿಖಿತ ಒಪ್ಪಿಗೆ ಕೇಳಲಾಯಿತು. ನಿಲ್ಲದ ಫಿಟ್ಸ್‌ಗೆ ಎರಡು ಔಷಧಗಳಲ್ಲಿ ಯಾವುದು ಮೇಲು ಎಂದು ತಿಳಿಯಲು ಬ್ರಿಟನ್ನಿನ 30 ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಚಿಕಿತ್ಸೆಯ ಬಳಿಕ ಒಪ್ಪಿಗೆ ಕೇಳುವ ಕ್ರಮವನ್ನು ಅನುಸರಿಸಲಾಗಿತ್ತು. ಅಲ್ಲಿ ಹೋಲಿಸಿದ್ದು ವೈದ್ಯರು ಈಗಾಗಲೇ ಬಳಸುತ್ತಿದ್ದ ಔಷಧಗಳನ್ನೇ.

ಈ ದಾರಿಯಲ್ಲಿ ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ನಂತರ ಕೇಳುವ ಒಪ್ಪಿಗೆ ದುರುಪಯೋಗಕ್ಕೆ ಬಹಳ ಸುಲಭದ ಬಾಗಿಲು. ಆದುದರಿಂದಲೇ ಅದರ ಸುತ್ತ ಬೇಲಿ ಬೇಕು. ಸಂಶೋಧನೆಯ ಹಣ ಯಾರದ್ದು? ಅನುಮತಿ ನೀಡಿದ ನೈತಿಕ ಸಮಿತಿ ಯಾವುದು? ನಿರಾಕರಿಸಿದರೂ ಮಗುವಿಗೆ ಪೂರ್ಣ ಚಿಕಿತ್ಸೆ ಸಿಗುವುದೇ? ಹಾನಿಯಾದರೆ ಪರಿಹಾರ ಕೊಡುವವರು ಯಾರು? ಫಲಿತಾಂಶವನ್ನು ಪ್ರಕಟಿಸುವರೇ? ಈ ಐದು ಪ್ರಶ್ನೆಗಳನ್ನು ಕೇಳಲು ಯಾವ ಪದವಿಯೂ ಬೇಕಿಲ್ಲ. ಭಾರತದಲ್ಲಿ 2009ರ ಜೂನ್‌ನಿಂದ ಔಷಧ ಪ್ರಯೋಗಗಳನ್ನು ಸರಕಾರಿ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯವಾಗಿದೆ. 2019ರ ನಿಯಮಗಳಲ್ಲಿ ಪರಿಹಾರದ ವ್ಯವಸ್ಥೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯು ಹೆತ್ತವರ ಒಪ್ಪಿಗೆಯ ಜೊತೆಗೆ, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆನ್ನುತ್ತದೆ. ಇವು ಕಾಗದದ ಮೇಲಿನ ಹಕ್ಕುಗಳು. ಕೇಳುವವರಿದ್ದರೆ ಮಾತ್ರ ಅವುಗಳಿಗೆ ಜೀವ.

ಹೆತ್ತವರು ಮಗುವಿನ ಮಾಲಕರಲ್ಲ. ಅಲ್ಲಾಹನು ಒಪ್ಪಿಸಿದ ಅಮಾನತನ್ನು ಕಾಯುವವರು. ಅಮಾನತನ್ನು ಕಾಯುವವನು ಕಣ್ಣುಮುಚ್ಚಿ ಸಹಿ ಹಾಕುವುದೂ ಸರಿಯಲ್ಲ, ಕಣ್ಣುಮುಚ್ಚಿ ನಿರಾಕರಿಸುವುದೂ ಸರಿಯಲ್ಲ.

ಸರತಿ ಬದಲಾದರೆ ಉಳಿಯುವ ಜೀವ

ಸಂಶೋಧನೆಯೆಂದರೆ ಹೊಸ ಔಷಧ, ದುಬಾರಿ ಯಂತ್ರ ಎಂದೇ ಭಾವಿಸಬೇಕಾಗಿಲ್ಲ. ಆಫ್ರಿಕಾದ ಬಡ ರಾಷ್ಟ್ರ ಮಲಾವಿಯ ಬ್ಲಾಂಟೈರ್ ನಗರದ ಸರಕಾರಿ ಆಸ್ಪತ್ರೆಯಲ್ಲಿ ಎಲಿಝಬೆತ್ ಮೊಲಿನ್ಯೂ ಎಂಬ ಮಕ್ಕಳ ತಜ್ಞೆ ಮತ್ತು ಅವರ ಸಹೋದ್ಯೋಗಿಗಳು ಮಾಡಿದ್ದು ಸರಳವಾದ ಕೆಲಸ. ಮಕ್ಕಳನ್ನು ವಯಸ್ಕರ ಸರತಿಯಿಂದ ಬೇರ್ಪಡಿಸಿದರು. ಬಾಗಿಲಿಗೆ ಬಂದ ಪ್ರತಿಯೊಂದು ಮಗುವನ್ನೂ ನೋಡಿ, ಯಾರಿಗೆ ತಕ್ಷಣ ಚಿಕಿತ್ಸೆ ಬೇಕು, ಯಾರು ಸ್ವಲ್ಪ ಕಾಯಬಹುದು ಎಂದು ವಿಂಗಡಿಸಲು ಸಿಬ್ಬಂದಿಗೆ ತರಬೇತಿ ನೀಡಿದರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಮೊದಲು ಶೇಕಡಾ 10ರಿಂದ 18ರಷ್ಟಿದ್ದ ಒಳರೋಗಿ ಮಕ್ಕಳ ಸಾವಿನ ಪ್ರಮಾಣ ಆ ಬಳಿಕ ಶೇಕಡಾ 6ರಿಂದ 8ಕ್ಕೆ ಇಳಿಯಿತು. ನಮ್ಮ ಆಸ್ಪತ್ರೆಗಳನ್ನು ಒಮ್ಮೆ ನೋಡೋಣ. ಚೀಟಿ ಮಾಡಿಸುವ ಕಿಟಕಿಯ ಮುಂದೆ ಮಂಡಿನೋವಿನ ಅಜ್ಜನೂ, ಉಸಿರಾಡಲು ಪಕ್ಕೆ ಸೆಳೆಯುತ್ತಿರುವ ಹಸುಗೂಸೂ ಒಂದೇ ಸಾಲಿನಲ್ಲಿರುತ್ತಾರೆ. ಪರಿಚಯವಿದ್ದವರು ಹಿಂಬಾಗಿಲಿನಿಂದ ಒಳಗೆ ಹೋಗುತ್ತಾರೆ. ಸಮಾನತೆಯ ಹೆಸರಿನಲ್ಲಿ ನಿಂತ ಈ ಸಾಲು ನ್ಯಾಯವಲ್ಲ, ಹಿಂಬಾಗಿಲಂತೂ ಅನ್ಯಾಯವೇ.

ಪುರಾವೆ ಇದ್ದೂ ಅದನ್ನು ಬಳಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಿಹಾರದ ಮುಝಫ್ಫರ್‌ಪುರವೇ ಸಾಕ್ಷಿ. ಬೇಸಿಗೆಯಲ್ಲಿ ಬಡವರ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. 2014ರಲ್ಲಿ ಅಲ್ಲಿನ ಎರಡು ಆಸ್ಪತ್ರೆಗಳಿಗೆ ದಾಖಲಾದ 390 ಮಕ್ಕಳಲ್ಲಿ 122 ಮಂದಿ ಮೃತಪಟ್ಟರು. ಭಾರತ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳ ತಜ್ಞರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ರಾತ್ರಿಯೂಟವಿಲ್ಲದೆ ಮಲಗುವುದಕ್ಕೂ ಲಿಚಿ ಹಣ್ಣು ತಿನ್ನುವುದಕ್ಕೂ ಈ ರೋಗದೊಂದಿಗೆ ಸಂಬಂಧವಿದೆಯೆಂದು ತೋರಿಸಿತು. ಆ ಹಣ್ಣಿನಲ್ಲಿರುವ ಒಂದು ಅಂಶ ಹಸಿದ ದೇಹವು ಸಕ್ಕರೆ ತಯಾರಿಸಿಕೊಳ್ಳುವುದನ್ನು ತಡೆಯುತ್ತದೆ. ಪರೀಕ್ಷಿಸಿದ 327 ಮಕ್ಕಳಲ್ಲಿ 204 ಮಂದಿಯ ರಕ್ತದಲ್ಲಿ ಸಕ್ಕರೆ ಕಡಿಮೆಯಿತ್ತು. ಇಲ್ಲಿ ಗ್ಲೂಕೋಸ್ ನಿಜವಾಗಿಯೂ ಅಮೃತ. ರಾತ್ರಿ ಮಗುವಿಗೆ ಊಟ ಕೊಡಿ, ಆಸ್ಪತ್ರೆಗೆ ಬಂದ ತಕ್ಷಣ ಸಕ್ಕರೆಯಂಶ ಪರೀಕ್ಷಿಸಿ ಗ್ಲೂಕೋಸ್ ಕೊಡಿ ಎಂಬುದು ತಜ್ಞರ ಸಲಹೆಯಾಗಿತ್ತು. ಆದರೂ 2019ರ ಬೇಸಿಗೆಯಲ್ಲಿ ಬಿಹಾರದಲ್ಲಿ 150ಕ್ಕೂ ಹೆಚ್ಚು ಮಕ್ಕಳು ಮತ್ತೆ ಸತ್ತರು. ಜ್ಞಾನ ದೊರಕಿತ್ತು, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಅದು ತಲುಪಲಿಲ್ಲ, ಹಸಿದ ಮಗುವಿಗೆ ಊಟವೂ ತಲುಪಲಿಲ್ಲ.

ಲೆಕ್ಕ ಇಡದ ಕಡೆ ಸತ್ಯಕ್ಕೆ ಬದಲಾಗಿ ಆರೋಪ ಬರುತ್ತದೆ. 2017ರ ಆಗಸ್ಟ್‌ನಲ್ಲಿ ಗೋರಖ್‌ಪುರದ ಬಿಆರ್‌ಡಿ ವೈದ್ಯಕೀಯ ಕಾಲೇಜಿನಲ್ಲಿ ಬಾಕಿ ಪಾವತಿಯಾಗದೆ ಆಮ್ಲಜನಕದ ಪೂರೈಕೆ ಕಡಿತಗೊಂಡ ದಿನಗಳಲ್ಲಿ ಹತ್ತಾರು ಮಕ್ಕಳು ಸತ್ತಾಗ, ಆಮ್ಲಜನಕದ ಕೊರತೆಯಿಂದ ಸಾವಾಗಿಲ್ಲವೆಂದು ಸರಕಾರ ಹೇಳಿತು. ಡಾ. ಕಫೀಲ್ ಖಾನ್ ಜೈಲು ಸೇರಿದರು. 2018ರಲ್ಲಿ ಜಾಮೀನು ನೀಡುವಾಗ ಅಲಹಾಬಾದ್ ಹೈಕೋರ್ಟ್, ಅವರ ವೈಯಕ್ತಿಕ ನಿರ್ಲಕ್ಷ್ಯವನ್ನು ತೋರಿಸುವ ಆಧಾರ ದಾಖಲೆಯಲ್ಲಿಲ್ಲವೆಂದಿತು. ಪ್ರತಿಯೊಂದು ಮಗುವಿನ ಸಾವಿನ ಗಳಿಗೆ, ಕಾರಣ, ಸಿಕ್ಕ ಮತ್ತು ಸಿಗದ ಚಿಕಿತ್ಸೆ ಇವೆಲ್ಲ ಬಹಿರಂಗ ದಾಖಲೆಯಾಗಿರುವ ವ್ಯವಸ್ಥೆಯಲ್ಲಿ ಒಬ್ಬ ವೈದ್ಯನನ್ನು ಬಲಿಪಶು ಮಾಡಿ ಕೈತೊಳೆದುಕೊಳ್ಳುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ನಮ್ಮ ಮನೆಯೊಳಗಿನ ವಿಳಂಬ

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಮನೆಯನ್ನೂ ಪ್ರಶ್ನಿಸಿಕೊಳ್ಳಬೇಕು. ಮಗುವಿನ ಸ್ಥಿತಿ ಬಿಗಡಾಯಿಸಿದ್ದನ್ನು ಮೊದಲು ಗುರುತಿಸುವವಳು ತಾಯಿ. ಆದರೆ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಹೊರಡುವ ತೀರ್ಮಾನ ಅವಳದಲ್ಲ. ಗಂಡ ಅಂಗಡಿ ಮುಚ್ಚಿ ಬರಬೇಕು, ಮಾವ ನಮಾಝ್ ಮುಗಿಸಿ ಬರಬೇಕು, ಗಲ್ಫಿನಲ್ಲಿರುವ ಮಗ ಫೋನೆತ್ತಬೇಕು. ಅಷ್ಟರಲ್ಲಿ ತುರ್ತು ಚಿಕಿತ್ಸೆಯ ಅಮೂಲ್ಯ ಗಳಿಗೆ ಕಳೆದುಹೋಗಿರುತ್ತದೆ. ಮಗುವಿನ ಜೀವ ಉಳಿಸಲು ತಾಯಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲವೆಂದು ನಮ್ಮ ಖತೀಬರು ಮಿಂಬರಿನಿಂದ ಸ್ಪಷ್ಟವಾಗಿ ಹೇಳಬೇಕು. ಸಂಶೋಧಕರೂ ವೈದ್ಯರೂ ಒಪ್ಪಿಗೆ ಕೇಳುವಾಗ ಬಾಗಿಲ ಬಳಿ ನಿಂತ ಗಂಡಸಿನೊಂದಿಗೆ ಮಾತ್ರ ಮಾತನಾಡದೆ, ಮಗುವನ್ನೆತ್ತಿಕೊಂಡ ತಾಯಿಗೂ ಅವಳ ಭಾಷೆಯಲ್ಲಿ ವಿವರಿಸಬೇಕು.

ಇನ್ನು ಫಿಟ್ಸ್ ಬಂದ ಮಗುವಿನ ಕೊರಳಿಗೆ ತಾಯಿತ ಕಟ್ಟಿ, ಊದಿದ ನೀರು ಕುಡಿಸಿ ಕಾಯುವವರು ಇಂದಿಗೂ ಇದ್ದಾರೆ. ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ದುಆ ಮಾಡೋಣ, ದುಆಗೆ ಯಾರೂ ಅಡ್ಡಿಯಿಲ್ಲ. ಆಸ್ಪತ್ರೆಯ ದಾರಿಯಲ್ಲಿಯೂ ದುಆ ಮಾಡಬಹುದು. ಒಂಟೆಯನ್ನು ಕಟ್ಟಿಹಾಕಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಮದ್ರಸಾದ ಮಕ್ಕಳೂ ಬಲ್ಲರು. ದೊಡ್ಡವರು ಮರೆತಿದ್ದಾರೆ.

ವಾಂತಿಭೇದಿಯ ವಿಷಯದಲ್ಲಂತೂ ಸಂಶೋಧನೆ ನಮ್ಮ ಕೈಗೇ ಔಷಧವನ್ನು ಕೊಟ್ಟಿದೆ. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಪರೀಕ್ಷಿತವಾದ ಸಕ್ಕರೆ ಉಪ್ಪಿನ ದ್ರಾವಣವನ್ನು, 1971ರ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಬಳಸಿದರು. ಡ್ರಿಪ್ ಬಾಟಲಿಗಳು ಮುಗಿದುಹೋಗಿದ್ದವು. ರೋಗಿಗಳ ಮನೆಯವರೇ ದ್ರಾವಣ ಕುಡಿಸಿದರು. ಸಾವಿನ ಪ್ರಮಾಣ ಸುಮಾರು ಶೇಕಡಾ 30ರಿಂದ 3.6ಕ್ಕೆ ಇಳಿಯಿತು. ಅಷ್ಟಾಗಿಯೂ 2019ರಿಂದ 21ರ ನಡುವಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಪಡೆದವರು ಶೇಕಡಾ 60.6 ಮಾತ್ರ. ಐವತ್ತು ವರ್ಷಗಳ ಬಳಿಕವೂ ಹತ್ತರಲ್ಲಿ ನಾಲ್ಕು ಮಕ್ಕಳಿಗೆ ಈ ಅಗ್ಗದ ಔಷಧ ತಲುಪಿರಲಿಲ್ಲ. ಓಆರ್‌ಎಸ್ ಹೆಸರಿನಲ್ಲಿ ಸಿಹಿ ಪಾನೀಯಗಳನ್ನು ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಷೇಧಿಸಬೇಕಾಗಿ ಬಂತು. ಪೊಟ್ಟಣದ ಮೇಲಿನ ಬಣ್ಣ ನೋಡಿ ಕೊಳ್ಳುವ ನಾವು ಅದರ ಮೇಲಿನ ಬರಹವನ್ನೂ ಓದಬೇಕು.

ಮಾಡಬೇಕಾದುದೇನು?

ನಮ್ಮ ಸಂಘಟನೆಗಳು ಆಂಬುಲೆನ್ಸ್ ದಾನ ಮಾಡುವುದರಲ್ಲಿ ಹಿಂದೆ ಬಿದ್ದಿಲ್ಲ. ಅದು ಪುಣ್ಯಕಾರ್ಯವೇ. ಆದರೆ ಆ ವಾಹನದೊಳಗೆ ಮಗುವಿನ ಮುಖಕ್ಕೆ ಹೊಂದುವ ಆಮ್ಲಜನಕದ ಮುಖವಾಡ ಇದೆಯೇ? ಉಸಿರು ನಿಂತ ಮಗುವಿಗೆ ಪ್ರಥಮ ಚಿಕಿತ್ಸೆ ನೀಡಲು ಬಲ್ಲವರು ಜೊತೆಗಿರುವರೇ? ಉದ್ಘಾಟನೆಯ ಫೋಟೋಗಿಂತ ಮೊದಲು ಈ ಪ್ರಶ್ನೆಗಳನ್ನು ಕೇಳೋಣ. ಜಮಾಅತ್ ಕಮಿಟಿಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳ ತಜ್ಞರನ್ನು ಕರೆಸಿ ಅಪಾಯದ ಲಕ್ಷಣಗಳನ್ನು ತಾಯಂದಿರಿಗೆ ತಿಳಿಸಿಕೊಡಲಿ: ಉಸಿರಾಟದ ಕಷ್ಟ, ಫಿಟ್ಸ್, ಎಚ್ಚರಿಸಿದರೂ ಏಳದ ಮಂಪರು, ಹಾಲು ಕುಡಿಯದಿರುವುದು, ತಣ್ಣಗಾದ ಕೈಕಾಲು. ಇವುಗಳಲ್ಲಿ ಒಂದು ಕಂಡರೂ ಕಾಯಬಾರದು, 108ಕ್ಕೆ ಕರೆ ಮಾಡಬೇಕು ಎಂಬುದು ಪ್ರತಿ ಮನೆಯ ಪಾಠವಾಗಲಿ.

ಸರಕಾರದೊಂದಿಗೆ ನಮ್ಮ ಬೇಡಿಕೆ ಸ್ಪಷ್ಟವಿರಲಿ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಮಕ್ಕಳಿಗೆ ಪ್ರತ್ಯೇಕ ತುರ್ತು ವಿಂಗಡಣೆಯ ವ್ಯವಸ್ಥೆ ಬೇಕು. ಮಕ್ಕಳ ಸಾವಿನ ಲೆಕ್ಕ ಪ್ರತಿ ಜಿಲ್ಲೆಯಲ್ಲೂ ಬಹಿರಂಗವಾಗಬೇಕು. ನಮ್ಮ ಆಸ್ಪತ್ರೆಗಳಿಗೆ ಹೊಂದುವ ಸಂಶೋಧನೆ ಸಾರ್ವಜನಿಕರ ಹಣದಿಂದ ನಮ್ಮಲ್ಲೇ ನಡೆಯಬೇಕು. ಆ ಸಂಶೋಧನೆಯ ನೈತಿಕ ಸಮಿತಿಗಳಲ್ಲಿ ಸಾಮಾನ್ಯ ಜನರ ಪ್ರತಿನಿಧಿಗಳಿಗೂ ಜಾಗವಿದೆ; ಆ ಕುರ್ಚಿಯಲ್ಲಿ ಕುಳಿತು ಪ್ರಶ್ನೆ ಕೇಳಬಲ್ಲ ವಿದ್ಯಾವಂತ ಸಹೋದರ ಸಹೋದರಿಯರನ್ನು ನಾವು ತಯಾರು ಮಾಡಬೇಕು. ವೈದ್ಯರಾಗುವ ನಮ್ಮ ಮಕ್ಕಳಲ್ಲಿ ಕೆಲವರಾದರೂ ಲಾಭದ ನರ್ಸಿಂಗ್ ಹೋಮ್‌ಗಳ ಆಕರ್ಷಣೆಯನ್ನು ಬಿಟ್ಟು ಈ ಲೆಕ್ಕ ಇಡುವ ಕೆಲಸಕ್ಕೆ ಇಳಿಯಬೇಕು.

ಕಾನೋದ ಹೆತ್ತವರಿಗೆ ನಿಜ ಹೇಳಲಿಲ್ಲ. ಮುಝಫ್ಫರ್‌ಪುರದ ಹೆತ್ತವರಿಗೆ ಗೊತ್ತಾದ ನಿಜವನ್ನು ತಲುಪಿಸಲಿಲ್ಲ. ಎರಡು ಕಡೆಯೂ ಮಣ್ಣಿಗೆ ಸೇರಿದವರು ಬಡವರ ಮಕ್ಕಳೇ. ನಿಜವನ್ನು ಕೇಳಿ ಪಡೆಯುವುದು ಮತ್ತು ಸಿಕ್ಕ ನಿಜವನ್ನು ನೆರೆಮನೆಯ ಮಗುವಿಗೂ ತಲುಪಿಸುವುದು ನಮ್ಮ ಮೇಲಿರುವ ಹೊಣೆ. ಅಮಾನತಿನ ಲೆಕ್ಕ ಒಪ್ಪಿಸಬೇಕಾದ ದಿನ ರೂಢಿ ಹಾಗಿತ್ತು ಎಂಬ ಉತ್ತರ ನಮ್ಮ ನೆರವಿಗೆ ಬರಲಾರದು.